ಬಾಯಿ ಹೊಲಿದ ಚೀಲ

ಬೆಳಗಾದರೆ ಆ ಬೀದಿಯಲ್ಲಿ ಕಸದ ಜಗಳ. ಹೊರಗಿಟ್ಟ ಚೀಲವನ್ನು ನಾಯಿ ಎಳೆದಾಡಿರುತ್ತಿತ್ತು. ಇವರ ಮನೆಯ ಸಿಪ್ಪೆ ಅವರ ಮೆಟ್ಟಿಲ ಮೇಲೆ, ಅವರ ಮಗುವಿನ ಡೈಪರ್ ಇವರ ಸೈಕಲ್ ಚಕ್ರದ ಅಡಿಗೆ. "ನಿಮ್ದು", "ನಮ್ದಲ್ಲ", "ನಿಮ್ದಲ್ದೆ ಇನ್ನೇನು ನಮ್ಮಪ್ಪಂದಾ" ಎಂದು ಕಸದ ಗಾಡಿ ಬರುವವರೆಗೂ ಯಾರ ಬಾಯಿಗೂ ಬಿಡುವಿಲ್ಲ. ಗಾಡಿ ಬಂದು ಎಲ್ಲವನ್ನೂ ಬಾಚಿಕೊಂಡು ಹೋದರೆ ಸಾಕು, ಬೀದಿಗೆ ಬೀದಿಯೇ ಪೀಡೆ ಕಳೆಯಿತೆಂದು ಬಾಗಿಲು ಹಾಕಿಕೊಳ್ಳುತ್ತಿತ್ತು.

ಈ ಜಗಳಕ್ಕೆ ಯಾವತ್ತೂ ಸಿಕ್ಕದವಳು ಒಬ್ಬಳೇ, ಮೂಲೆ ಮನೆಯ ಟೈಲರಮ್ಮ. ಅವಳ ಕಸದ ರೀತಿಯೇ ಬೇರೆ. ಹಿಟ್ಟಿನ ಖಾಲಿ ಪ್ಲಾಸ್ಟಿಕ್ ಚೀಲವನ್ನು ಹೊಲಿಗೆ ಮಿಷನ್ನಿನ ಪಕ್ಕ ನಿಲ್ಲಿಸಿಕೊಂಡಿರುತ್ತಿದ್ದಳು. ಕತ್ತರಿಸಿದ ಬಟ್ಟೆಯ ಚೂರು ಅದಕ್ಕೇ, ತರಕಾರಿ ಸಿಪ್ಪೆ ಅದಕ್ಕೇ, ಉಳಿದ ಅನ್ನ, ಹಾಲಿನ ಕವರು, ಒಡೆದ ಬಲ್ಬು, ಮುರಿದ ಸೂಜಿ, ಎಲ್ಲವೂ ಅದಕ್ಕೇ. ತುಂಬಿದ ಮೇಲೆ ಕಾಲಲ್ಲಿ ಅದುಮಿ, ದಬ್ಬಳಕ್ಕೆ ನೈಲಾನ್ ದಾರ ಪೋಣಿಸಿ, ಚೀಲದ ಬಾಯಿಯನ್ನು ಬಿಗಿಯಾಗಿ ಹೊಲಿದುಬಿಡುತ್ತಿದ್ದಳು. ವಾಸನೆ ಬರುವಂತಿಲ್ಲ, ಸೋರುವಂತಿಲ್ಲ. ನಾಯಿಗಳು ಮೂಸಿ ನೋಡಿ, ಇದು ನಮ್ಮ ಹಲ್ಲಿಗಲ್ಲ ಎಂದು ಮುಂದಿನ ಮನೆಗೆ ಹೋಗುತ್ತಿದ್ದವು.

"ಕಸ ಅಂದ್ರೆ ಟೈಲರಮ್ಮನ ಮನೆ ಕಸ ಕಣ್ರೀ. ಮದುವೆಗೆ ಉಡುಗೊರೆ ಕೊಡೋ ಹಂಗಿರುತ್ತೆ" ಎನ್ನುತ್ತಿದ್ದರು ಎದುರು ಮನೆಯವರು. ಟೈಲರಮ್ಮ ಹಿಗ್ಗುತ್ತಿದ್ದಳು. ಹಿಗ್ಗಲಿ ಬಿಡಿ, ಹೊಗಳಿಕೆ ಯಾರಿಗೆ ಬೇಡ? ನಲ್ಲಿ ರಿಪೇರಿ ಮಾಡುವ ಅವಳ ಗಂಡ ಮಾತ್ರ ಗೊಣಗುತ್ತಿದ್ದ. "ನನ್ನ ಅಂಗಿ ಗುಂಡಿ ಕಿತ್ತೋಗಿ ಎಷ್ಟು ಕಾಲ ಆಯ್ತು. ಕಸಕ್ಕಿರೋ ಯೋಗ ನನಗಿಲ್ಲ ನೋಡು."

ಹೀಗಿರುವಾಗ ಒಂದು ದಿನ ನರ್ಸಮ್ಮ ಬಂದಳು. ಮನೆಮನೆಗೆ ಹೋಗಿ ಮಕ್ಕಳ ಲಸಿಕೆ, ಬಸುರಿಯರ ಆರೋಗ್ಯ ವಿಚಾರಿಸುವ ಹೆಂಗಸು. ಈ ಸಲ ಕಸದ ವಿಷಯ ಹಿಡಿದುಕೊಂಡು ಬಂದಿದ್ದಳು.

"ಹಸಿ ಕಸ ಬೇರೆ, ಒಣ ಕಸ ಬೇರೆ ಮಾಡ್ಬೇಕಮ್ಮ. ಸೂಜಿ, ಬ್ಲೇಡು, ಗಾಜು ಇನ್ನೂ ಬೇರೆ" ಎಂದಳು.

"ನನಗೆ ಕಸದ ಪಾಠ ಹೇಳೋಕೆ ಬಂದ್ರಾ?" ಟೈಲರಮ್ಮ ಮಿಷನ್ ನಿಲ್ಲಿಸಲಿಲ್ಲ. "ಬೀದೀಲಿ ಯಾರನ್ನಾದ್ರೂ ಕೇಳಿ. ನನ್ನ ಚೀಲದಿಂದ ಒಂದು ಸಿಪ್ಪೆ ಹೊರಗೆ ಬಿದ್ದಿದ್ದು ನೋಡಿದೀರಾ ಅಂತ."

"ಬಿದ್ದಿಲ್ಲ, ಒಪ್ಕೋತೀನಿ. ತೊಂದರೆ ಇರೋದೇ ಅಲ್ಲಿ. ಬಾಯಿ ಹೊಲಿದ ಚೀಲಾನ ಯಾರೂ ಬಿಚ್ಚಿ ಬೇರೆ ಮಾಡಲ್ಲ. ಹಾಗೇ ತಗೊಂಡು ಹೋಗಿ ಹಳ್ಳಕ್ಕೆ ಎಸೀತಾರೆ. ಒಳಗಿನ ಸಿಪ್ಪೆ, ಅನ್ನ ಗಾಳಿ ಇಲ್ದೆ ಕೊಳೆತು ಕಪ್ಪು ರಸ ಆಗುತ್ತೆ. ಅದು ಚೀಲದ ಅಡಿಯಿಂದ ಜಿನುಗಿ ನೆಲಕ್ಕೆ ಇಳಿಯುತ್ತೆ. ಅದೇ ಸಿಪ್ಪೆ ನಿಮ್ಮ ಹಿತ್ತಲಲ್ಲಿ ಮಣ್ಣು ಎಲೆ ಜೊತೆ ಇದ್ದಿದ್ರೆ ಗೊಬ್ಬರ ಆಗ್ತಿತ್ತು."

"ಇಳೀಲಿ ಬಿಡಿ. ಎಲ್ಲೋ ಇಳಿಯುತ್ತೆ. ನಮ್ಮ ಮನೇಲಂತೂ ಅಲ್ವಲ್ಲ."

"ಎಲ್ಲಿ ಅಂತ ಗೊತ್ತಾ ನಿಮಗೆ?"

"ಗಾಡಿಯವನಿಗೆ ಗೊತ್ತಿರುತ್ತೆ, ಅವನನ್ನ ಕೇಳಿ. ನಾನು ಬೇರೆ ಮಾಡಿ ಕೊಟ್ರೂ ಅವನು ಒಟ್ಟಿಗೇ ಸುರೀತಾನೆ. ನನಗೆ ಇವತ್ತು ಸಂಜೆಯೊಳಗೆ ಶಾಲೆ ಮಕ್ಕಳ ಸಮವಸ್ತ್ರ ಮುಗಿಸ್ಬೇಕು, ನೀವು ಆಮೇಲೆ ಬನ್ನಿ."

ನರ್ಸಮ್ಮ ಇನ್ನೂ ಏನೋ ಹೇಳುವವಳಿದ್ದಳು. ಮಿಷನ್ನಿನ ಸದ್ದು ಜೋರಾಯಿತು. ಅವಳು ಚಪ್ಪಲಿ ಮೆಟ್ಟಿ ಪಕ್ಕದ ಮನೆಗೆ ಹೋದಳು.

ಅದಾದ ಸ್ವಲ್ಪ ದಿನಕ್ಕೆ ಅಕ್ಕ ಬಂದಳು. ಟೈಲರಮ್ಮನ ಒಡಹುಟ್ಟಿದವಳು, ಹೆತ್ತವರು ಹೋದ ಮೇಲೆ ತವರುಮನೆಯನ್ನು ಉಳಿಸಿಕೊಂಡವಳು. ಊರಾಚೆ, ಗುಡ್ಡದ ಹಿಂದೆ ಆ ಮನೆ. ಅಂಗಳದಲ್ಲಿ ಬಾವಿ. ಎಂಥ ಬೇಸಿಗೆಯಲ್ಲೂ ಬತ್ತದ, ಸಿಹಿನೀರಿನ ಬಾವಿ. ಭಾವ ಮರಗೆಲಸದವನು, ಅಲ್ಲೇ ಜಗಲಿಯ ಮೇಲೆ ಕಿಟಕಿ ಬಾಗಿಲು ಮಾಡುತ್ತಿದ್ದ. ಟೈಲರಮ್ಮ ಅಲ್ಲಿಗೆ ಹೋಗದೆ ಬಹಳ ಕಾಲವಾಗಿತ್ತು. ಹೊಲಿಗೆ ಬಿಟ್ಟು ಬರೋಕಾಗಲ್ಲ ಎಂದು ಪ್ರತಿ ಸಲವೂ ಫೋನಿನಲ್ಲೇ ಮುಗಿಸುತ್ತಿದ್ದಳು. ನೀರು ಯಾಕೋ ವಾಸನೆ ಬರ್ತಿದೆ ಕಣೇ ಎಂದು ಅಕ್ಕ ಒಮ್ಮೆ ಹೇಳಿದಾಗಲೂ, ಮಳೆಗಾಲ ಅಲ್ವಾ, ಕಲಕಿರುತ್ತೆ ಎಂದು ಸುಮ್ಮನಾಗಿದ್ದಳು.

ಬಂದವಳು ಚೀಲ ಕೆಳಗಿಡುವ ಮೊದಲೇ ಅಡುಗೆಮನೆಗೆ ಹೋಗಿ, ಲೋಟದ ಮೇಲೆ ಲೋಟ ನೀರು ಕುಡಿದಳು. ಕೈಕಾಲಿನ ತುಂಬ ಕೆಂಪು ಗಂದೆ. ಕೆರೆದು ಕೆರೆದು ಚರ್ಮ ಸುಲಿದಿತ್ತು.

"ಏನೇ ಅಕ್ಕಾ ಇದು ನಿನ್ನ ಅವತಾರ!"

"ನೀರು ಹೋಯ್ತು ಕಣೇ," ಎಂದಳು ಅಕ್ಕ. "ಬಾವಿ ನೀರು ಟೀ ಡಿಕಾಕ್ಷನ್ ಥರ ಆಗಿದೆ. ಮೇಕೆ ಕೂಡ ಮೂಸಿ ಮುಖ ತಿರುಗಿಸ್ತು. ನಾವು ಕುಡಿಯೋದು ಬಿಟ್ವಿ, ಸ್ನಾನಕ್ಕಾದ್ರೂ ಆಗುತ್ತೆ ಅಂತ ಬಳಸಿದ್ವಿ. ಮೈ ಹೀಗಾಯ್ತು."

ಮನೆಯ ಹಿಂದೆ ಹಳೆಯ ಕಲ್ಲುಕ್ವಾರಿ ಇತ್ತಲ್ಲ, ಅದಕ್ಕೆ ಕಸ ತುಂಬುತ್ತಿದ್ದಾರಂತೆ. ಗುಡ್ಡ ಬಳಸಿಕೊಂಡು ಆ ಕಡೆಯ ರಸ್ತೆಯಿಂದ ಲಾರಿಗಳು ಬರುತ್ತವಂತೆ. ಕ್ವಾರಿ ತುಂಬಿ, ಕಸ ಮೇಲೆದ್ದು, ಈಗ ಮನೆಯ ಸೂರಿಗಿಂತ ಎತ್ತರವಾಗಿದೆಯಂತೆ. ಒಳಗೊಳಗೇ ಹೊಗೆ.

ಟೈಲರಮ್ಮನಿಗೆ ರೋಷ ಉಕ್ಕಿತು. ಅದು ಅವಳು ಹುಟ್ಟಿದ ಮನೆ, ಅಮ್ಮ ನೀರು ಸೇದಿ ತಲೆಗೆ ಸುರಿದ ಬಾವಿ.

"ಯಾವ ಮನೆಹಾಳರು ಅಕ್ಕಾ ಅವರು? ಬಾವಿಗೆ ವಿಷ ಹಾಕಿದೋರ ಕೈಗೆ ಹುಳ ಬೀಳ! ಅವರಿಗೂ ಒಂದು ತೊಟ್ಟು ನೀರು ಸಿಗದ ಹಾಗಾಗ್ಲಿ! ಅವರ ತವರು ಹಾಳಾಗ್ಲಿ!"

"ಬೇಡ ಕಣೇ," ಎಂದಳು ಅಕ್ಕ. "ಯಾರಿಗೂ ಹಂಗನ್ಬೇಡ."

"ಅನ್ನದೆ? ಎದುರಿಗೆ ಸಿಗ್ಲಿ, ಜನ್ಮ ಜಾಲಾಡ್ತೀನಿ."

ಅಕ್ಕನ ಕಣ್ಣು ಹೊಲಿಗೆ ಕೋಣೆಯ ಮೂಲೆಯಲ್ಲಿ ನಿಂತಿದ್ದ ಅರ್ಧ ತುಂಬಿದ ಹಿಟ್ಟಿನ ಚೀಲದ ಮೇಲೆ ಇತ್ತು. ಟೈಲರಮ್ಮ ಅದನ್ನು ಗಮನಿಸಲಿಲ್ಲ. ಅಕ್ಕನ ಗಂದೆಗೆ ಹಚ್ಚಲು ಎಣ್ಣೆ ಬಿಸಿ ಮಾಡುವ ಗಡಿಬಿಡಿಯಲ್ಲಿದ್ದಳು.

ಮರುದಿನ ಬೆಳಗ್ಗೆ ಗಾಡಿಯ ಹೊತ್ತಾಯಿತು. ಟೈಲರಮ್ಮ ಎಂದಿನಂತೆ ಚೀಲವನ್ನು ಅದುಮಿ, ದಬ್ಬಳ ಹಿಡಿದು ಕೂತಳು. ಅಕ್ಕ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತು, ಹೊಲಿಯುವುದನ್ನೇ ನೋಡಿದಳು. ಮುಗಿದ ಮೇಲೆ ಆ ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ಅಮ್ಮ ಕಲಿಸಿದ್ದು," ಎಂದಳು.

"ಮತ್ತೆ? ಹಿಟ್ಟಿನ ಗಿರಣೀಲಿ ಜೀವಮಾನ ಎಲ್ಲ ಚೀಲ ಹೊಲಿದೋಳು ಅಮ್ಮ. ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ. ಯಾರಾದ್ರೂ ಬಿಚ್ಚಲಿ ನೋಡೋಣ!"

"ನಾನೂ ಕಲಿತೆ. ಆದ್ರೆ ನೀನು ಎಡಚಿ. ನಿನ್ನ ಹೊಲಿಗೆ ಎಡಕ್ಕೆ ವಾಲುತ್ತೆ. ಅಮ್ಮ ಎಷ್ಟು ಬೈದ್ರೂ ಸರಿ ಹೋಗ್ಲಿಲ್ಲ."

"ಬೈದಿದ್ದೇನು, ಕಿವಿ ಹಿಂಡ್ತಿದ್ಲು!" ಟೈಲರಮ್ಮ ನಕ್ಕಳು. ಅಕ್ಕ ನಗಲಿಲ್ಲ.

"ಹೋದ ಮಳೆಗೆ ಕಸದ ಗುಡ್ಡ ಜರಿಯಿತು. ಚೀಲಗಳು ಉರುಳಿ ಬಾವಿ ಕಟ್ಟೆವರೆಗೂ ಬಂದ್ವು. ಬೇರೆಯೋರ ಚೀಲ ಎಲ್ಲ ಹರಿದು ಚಿಂದಿಯಾಗಿದ್ವು. ಕೆಲವು ಮಾತ್ರ ಹಾಗೇ ಇದ್ವು. ಹೊಟ್ಟೆ ಉಬ್ಬಿಸ್ಕೊಂಡು, ಬಾಯಿ ಹೊಲಿದಿದ್ದು ಹೊಲಿದ ಹಾಗೇ. ಒಳಗೇನಿದೆ ಅಂತ ನಿಮ್ಮ ಭಾವ ಕುಡುಗೋಲಲ್ಲಿ ಸೀಳಿ ಕೈ ಹಾಕಿದ್ರು. ಮುರಿದ ಸೂಜಿ ಅಂಗೈಗೆ ಇಳೀತು. ಕೈ ಬಾವು ಬಂದು ಹಾಸಿಗೆ ಹಿಡಿದ್ರು. ಈಗಲೂ ಉಳಿ ಹಿಡಿಯೋಕಾಗಲ್ಲ."

ಟೈಲರಮ್ಮ ದಬ್ಬಳವನ್ನು ಕೆಳಗಿಟ್ಟಳು.

"ಆ ಹೊಲಿಗೆ ನೋಡ್ದೆ. ಅಮ್ಮನ ಹೊಲಿಗೆ, ಎಡಕ್ಕೆ ವಾಲಿದ್ದು. ಅಲ್ಲ, ಲೋಕದಲ್ಲಿ ಇನ್ಯಾರೋ ಇರ್ಬಹುದು ಅಂದ್ಕೊಂಡೆ. ಅದಕ್ಕೇ ಬಂದೆ ಕಣೇ. ನೀರು ಕುಡಿಯೋಕಲ್ಲ. ನಿಂದಲ್ಲ ಅಂತ ಆಗ್ಲಿ ಅಂತ ದಾರಿಯುದ್ದಕ್ಕೂ ಬೇಡ್ಕೊಂಡು ಬಂದೆ."

ಹೊರಗೆ ಗಾಡಿ ಬಂತು. ಪೀಪಿ ಊದಿತು, ಕಾಯಿತು, ಮತ್ತೆ ಊದಿತು. ಟೈಲರಮ್ಮ ಏಳಲಿಲ್ಲ. ನಿನ್ನೆ ತನ್ನ ಬಾಯಿಂದಲೇ ಬಂದ ಶಾಪಗಳು ಒಂದೊಂದಾಗಿ ಕಿವಿಗೆ ಬಡಿಯುತ್ತಿದ್ದವು. ಆಕಾಶಕ್ಕೆ ಉಗುಳಿದರೆ ಬೀಳುವುದು ತನ್ನ ಮುಖಕ್ಕೇ ಅಂತಾರೆ. ಅವಳಿಗೆ ಅತ್ತು ಬಿಡಬೇಕೆನಿಸಿತು, ಅಳಲು ನಾಚಿಕೆಯಾಯಿತು. ಗಾಡಿ ಮುಂದೆ ಹೋಯಿತು.

ಅವತ್ತೇ ಗಂಡನನ್ನು ಕರೆದುಕೊಂಡು ಅಕ್ಕನ ಜೊತೆ ತವರಿಗೆ ಹೋದಳು. ಗುಡ್ಡದ ತಿರುವಿನಲ್ಲೇ ವಾಸನೆ ಎದುರಾಯಿತು. ಕೊಳೆತ ಹಣ್ಣು, ಸುಟ್ಟ ಪ್ಲಾಸ್ಟಿಕ್, ಸತ್ತ ಇಲಿ, ಎಲ್ಲ ಬೆರೆತ ವಾಸನೆ. ಮನೆಯ ಹಿಂದೆ, ಕ್ವಾರಿಯಾಚೆ ಮೊದಲು ಕಾಣುತ್ತಿದ್ದ ಬಯಲು ಇಲ್ಲ. ಬೂದುಬಣ್ಣದ ಕಸದ ಗೋಡೆ ನಿಂತಿತ್ತು. ಅದರ ಬುಡದಿಂದ ಕಪ್ಪು ನೀರು ಜಿನುಗಿ, ಅಂಗಳದಲ್ಲಿ ಸಣ್ಣ ಕಾಲುವೆ ಮಾಡಿಕೊಂಡು ಹರಿಯುತ್ತಿತ್ತು. ಅಂಥ ಮನೆಯಲ್ಲಿ ಭಾವ ಜಗಲಿಯ ಮೇಲೆ ಸುಮ್ಮನೆ ಕೂತಿದ್ದ. ಬಲಗೈ ಮಡಿಲಲ್ಲಿತ್ತು. ನಾದಿನಿಯನ್ನು ಕಂಡು, "ಬಾಮ್ಮ, ಬಂದ್ಯಾ" ಎಂದ, ಅಷ್ಟೇ. ಆ ಸೂಜಿ ಯಾರದೆಂದು ಅವನಿಗೆ ಗೊತ್ತಿತ್ತೋ ಇಲ್ಲವೋ, ಕೇಳುವ ಧೈರ್ಯ ಅವಳಿಗಾಗಲಿಲ್ಲ.

ಬಾವಿಕಟ್ಟೆಯ ಹತ್ತಿರ ಅವಳ ಚೀಲಗಳಿದ್ದವು. ಬಿಸಿಲು ಮಳೆಗೆ ಹಿಟ್ಟಿನ ಕಂಪನಿಯ ಬಣ್ಣ ಮಾಸಿತ್ತು, ಹೊಲಿಗೆಯ ಒಂದು ಎಳೆಯೂ ಬಿಟ್ಟಿರಲಿಲ್ಲ. ಟೈಲರಮ್ಮ ಕತ್ತರಿ ತೆಗೆದು ಒಂದನ್ನು ಬಿಚ್ಚಿದಳು. ಬುಸ್ಸೆಂದು ಹೊರಟ ಗಾಳಿಗೆ ಮೂವರೂ ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಒಳಗೆ ಅವಳದೇ ಅಡುಗೆಮನೆ. ಸಿಪ್ಪೆ, ಅನ್ನ ಎಲ್ಲ ಕಪ್ಪು ಲೋಳೆ. ಆ ಲೋಳೆಯಲ್ಲಿ ನೆಂದ ನೈಲಾನ್ ಬಟ್ಟೆಚೂರುಗಳು ಕತ್ತರಿಸಿದ ದಿನ ಹೇಗಿದ್ದವೋ ಹಾಗೇ ಇದ್ದವು. ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು ಎಂದು ಊರಿನವರನ್ನೆಲ್ಲ ಆಡಿಕೊಳ್ಳುತ್ತಿದ್ದವಳು ಅವಳೇ.

"ಏನಾದ್ರೂ ಮಾಡ್ರೀ," ಎಂದಳು ಗಂಡನಿಗೆ. "ನೀವು ನೀರಿನ ಕೆಲಸದೋರು. ಪಂಪ್ ಹಾಕಿ ಪೂರ್ತಿ ಖಾಲಿ ಮಾಡಿಸಿ. ತಳ ತೊಳೆಸಿ."

ಅವನು ಕೊಡ ಇಳಿಬಿಟ್ಟು ನೀರು ಸೇದಿದ. ಅಂಗೈಗೆ ಸುರಿದು ನೋಡಿದ. ಯಾವಾಗಲೂ ತಮಾಷೆ ಮಾಡುವ ಮನುಷ್ಯನ ಮುಖ ಸಣ್ಣದಾಯಿತು.

"ಪೈಪ್ ಕೆಟ್ರೆ ಬದಲಾಯಿಸ್ತೀನಿ ಕಣೇ. ಒರತೆ ಕೆಟ್ರೆ ಯಾರು ಬದಲಾಯಿಸೋದು? ಇವತ್ತು ಖಾಲಿ ಮಾಡಿದ್ರೆ ನಾಳೆ ಬರೋದೂ ಇದೇ ನೀರು."

ಊರಿಗೆ ಮರಳಿದ ಟೈಲರಮ್ಮ ನರ್ಸಮ್ಮನನ್ನು ಹುಡುಕಿಕೊಂಡು ಹೋದಳು. ನರ್ಸಮ್ಮ ಬೈಯುತ್ತಾಳೆ ಎಂದುಕೊಂಡಿದ್ದಳು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ನರ್ಸಮ್ಮ ಕುರ್ಚಿ ಎಳೆದು ಕೂರಿಸಿದಳು.

"ಬಾವಿ ಸರಿ ಹೋಗುತ್ತಾ?"

"ಸುಳ್ಳು ಹೇಳಲ್ಲಮ್ಮ. ಆ ನೀರನ್ನ ಈಗ ಮುಟ್ಟಬಾರದು. ಪರೀಕ್ಷೆಗೆ ಕಳಿಸ್ತೀನಿ. ನೆಲದೊಳಗೆ ಇಳಿದ ವಿಷ ತಾನಾಗೇ ಕಡಿಮೆ ಆಗೋಕೆ ಎಷ್ಟೋ ವರ್ಷ ಬೇಕು. ಆಗುತ್ತೆ ಅಂತಾನೂ ಹೇಳೋಕಾಗಲ್ಲ. ಕಸ ಬೀಳ್ತಾನೇ ಇದ್ರೆ ಆ ಬಾವಿ ಒಂದೇ ಅಲ್ಲ, ಇಳಿಜಾರಿನ ಕೆಳಗಿರೋ ಬಾವಿಗಳೂ ಒಂದೊಂದಾಗಿ ಹೋಗ್ತವೆ."

"ನಾನೊಬ್ಳು ನಿಲ್ಲಿಸಿದ್ರೆ ಏನಾಗುತ್ತೆ ನರ್ಸಮ್ಮ? ಊರೇ ಹಾಕ್ತಿದೆ."

"ನೀವೊಬ್ರು ಹಾಕಿದ್ದು ಅಕ್ಕನ ಅಂಗಳದವರೆಗೆ ಹೋಯ್ತಲ್ಲ" ಎಂದಳು ನರ್ಸಮ್ಮ. ಚುಚ್ಚಬೇಕೆಂದು ಹೇಳಿದ್ದಲ್ಲ, ಆದರೂ ಚುಚ್ಚಿತು.

"ಹೇಳಿ, ಏನು ಮಾಡ್ಬೇಕು?" ಎಂದಳು ಟೈಲರಮ್ಮ.

ನರ್ಸಮ್ಮ ಅವಳ ಮನೆಗೇ ಬಂದು ತೋರಿಸಿಕೊಟ್ಟಳು. ಹಳೆಯ ಡ್ರಮ್ಮಿಗೆ ಗಂಡ ಡ್ರಿಲ್ಲಿನಿಂದ ಸುತ್ತಲೂ ತೂತು ಹೊಡೆದ. ತಳಕ್ಕೆ ಒಣಗಿದ ಎಲೆ, ಮೇಲೆ ಸಿಪ್ಪೆ, ಟೀ ಚರಟ, ಅದರ ಮೇಲೆ ಮತ್ತೆ ಎಲೆ, ಒಂದು ಹಿಡಿ ಮಣ್ಣು. "ನಾತ ಬಂದ್ರೆ ನೀರು ಜಾಸ್ತಿಯಾಗಿದೆ ಅಂತ ತಿಳ್ಕೊಳ್ಳಿ. ಇನ್ನಷ್ಟು ಒಣ ಎಲೆ ಹಾಕಿ, ಕೋಲಿನಲ್ಲಿ ಕೆದಕಿ. ಗಾಳಿ ಆಡ್ಬೇಕು, ಅಷ್ಟೇ ಗುಟ್ಟು" ಎಂದಳು. ಹಾಲಿನ ಕವರು, ಬಾಟಲಿ ತೊಳೆದು ಒಣಗಿಸಿ ಗುಜರಿಯವನಿಗೆ. ಬಟ್ಟೆಚೂರು ದಿಂಬು, ಕಾಲೊರಸು ಮಾಡುವವರಿಗೆ. ಸೂಜಿ, ಬ್ಲೇಡು ಮುಚ್ಚಳವಿರುವ ತಗಡಿನ ಡಬ್ಬಿಗೆ. ಆ ಡಬ್ಬಿ ತುಂಬಿದಾಗ ಗಾಡಿಯವನ ಕೈಗೇ ಕೊಟ್ಟು, ಇದರಲ್ಲಿ ಸೂಜಿ ಇದೆಯಪ್ಪಾ ಎಂದು ಬಾಯಿಬಿಟ್ಟು ಹೇಳಬೇಕು. ಡೈಪರ್, ಪ್ಯಾಡುಗಳನ್ನು ಹಳೆಯ ಕಾಗದದಲ್ಲಿ ಸುತ್ತಿ ಬೇರೆಯಾಗಿಯೇ ಕೊಡಬೇಕು.

"ಎಲ್ಲಕ್ಕಿಂತ ಮೊದಲು, ಮನೆಗೆ ತರೋದನ್ನೇ ಕಮ್ಮಿ ಮಾಡಿ. ಅಂಗಡಿಗೆ ಹೋಗುವಾಗ ಚೀಲ ತಗೊಂಡು ಹೋದ್ರೆ ಅಷ್ಟು ಕವರು ಮನೆಗೆ ಬರೋದೇ ಇಲ್ಲ. ಬಾರದೇ ಇರೋದನ್ನ ಬಿಸಾಡೋ ತಾಪತ್ರಯವೂ ಇಲ್ಲ" ಎಂದಳು ನರ್ಸಮ್ಮ.

ಕೆಲವೇ ದಿನಗಳಲ್ಲಿ ಗಾಡಿಗೆ ಹೋಗುವ ಕಸ ಎಷ್ಟು ಇಳಿಯಿತೆಂದರೆ, ಹಿಟ್ಟಿನ ಚೀಲದ ಜಾಗದಲ್ಲಿ ಒಂದು ಸಣ್ಣ ಬುಟ್ಟಿ ಬಂತು. ಎದುರು ಮನೆಯವರು ಬಾಗಿಲಲ್ಲಿ ನಿಂತು ನಕ್ಕರು.

"ಏನು ಟೈಲರಮ್ಮ, ಕಸಕ್ಕೂ ಬಡತನ ಬಂತಾ? ಇಷ್ಟೆಲ್ಲ ಬೇರೆ ಮಾಡಿ ಏನು ಪ್ರಯೋಜನ? ಅವನು ಒಟ್ಟಿಗೇ ಸುರೀತಾನೆ."

ಹಿಂದೆ ತಾನೇ ಆಡಿದ ಮಾತು. ಟೈಲರಮ್ಮ ಸಿಟ್ಟು ಮಾಡಿಕೊಳ್ಳಲಿಲ್ಲ.

"ಡ್ರಮ್ಮಿಗೆ ಹಾಕಿದ್ದು ಅವನ ಗಾಡಿಗೇ ಹೋಗಲ್ಲ, ಅವನು ಸುರಿಯೋದೆಲ್ಲಿ ಬಂತು? ಮಿಕ್ಕಿದ್ದನ್ನ ಒಟ್ಟಿಗೆ ಸುರಿದ್ರೆ ನಾನೂ ನೀವೂ ನಿಂತು ಕೇಳೋಣ. ಬನ್ನಿ, ನಮ್ಮ ಅಕ್ಕನ ಮನೆ ಒಂದ್ಸಲ ನೋಡಿ ಬರೋಣ. ಆಮೇಲೆ ನೀವು ನಗಿ, ಬೇಡ ಅನ್ನಲ್ಲ."

ಅವರು ಹೋಗಿ ನೋಡಿಬಂದರು. ಬಂದವರೇ ತಮ್ಮ ಮನೆಗೂ ತೂತು ಹೊಡೆದ ಡ್ರಮ್ಮು ಬೇಕೆಂದರು. ಈಗ ಆ ಬೀದಿಯಲ್ಲಿ ಡ್ರಮ್ಮಿಲ್ಲದ ಮನೆ ಹುಡುಕಬೇಕು. ಎಲ್ಲರೂ ಸೇರಿ ಹೋಗಿ ಕಸದ ಗಾಡಿ ಕಳಿಸುವ ಕಚೇರಿಯಲ್ಲಿ ಪಟ್ಟುಹಿಡಿದು ಕೂತು ಬಂದ ಮೇಲೆ ಗಾಡಿಗೂ ಹಸಿ, ಒಣ ಎಂದು ಎರಡು ಭಾಗವಾಯಿತು. ನಾಯಿಗಳು ಬೇರೆ ಬೀದಿ ನೋಡಿಕೊಂಡಿವೆ.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಿತು ಎಂದು ಹೇಳಲು ನನಗೂ ಆಸೆ. ಆದರೆ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ, ಹೋದದ್ದು ತಿರುಗಿ ಬರುತ್ತದೆಯೇ? ಪರೀಕ್ಷೆಗೆ ಹೋದ ನೀರು ಯಾವುದಕ್ಕೂ ಬಾರದು ಎಂದಾಯಿತು. ಅಕ್ಕ ಮತ್ತು ಭಾವ ಬಾವಿಗೆ ಹಲಗೆ ಮುಚ್ಚಿ, ಮನೆಗೆ ಬೀಗ ಹಾಕಿದರು. ಸಾಮಾನು ಹೇರಿದ ಗಾಡಿ ಹೊರಟಾಗ ಟೈಲರಮ್ಮ ಅಕ್ಕನ ಕೈ ಹಿಡಿದು, "ನನ್ನ ಮನೆಗೇ ಬಂದುಬಿಡೇ" ಎಂದು ಅಂಗಲಾಚಿದಳು.

"ಬರ್ತಾ ಹೋಗ್ತಾ ಇರ್ತೀನಿ," ಎಂದಳು ಅಕ್ಕ. ಕೈ ಬಿಡಿಸಿಕೊಳ್ಳಲಿಲ್ಲ. "ನಿನ್ನ ಮೇಲೆ ಸಿಟ್ಟಿಲ್ಲ ಕಣೇ. ಆದ್ರೆ ಇಬ್ಬರಿಗೂ ಇನ್ನು ತವರಿಲ್ಲ."

ಈಗ ಅಕ್ಕ ಇಟ್ಟಿಗೆ ಗೂಡಿನ ಪಕ್ಕದ ಬಾಡಿಗೆ ಕೋಣೆಯಲ್ಲಿದ್ದಾಳೆ. ತಂಗಿಯ ಮನೆಗೆ ಬರುತ್ತಾಳೆ, ಕೂರುತ್ತಾಳೆ, ನಾಲ್ಕು ಮಾತಾಡುತ್ತಾಳೆ. ನೀರು ಕೊಟ್ಟರೆ ಲೋಟವನ್ನು ತುಟಿಗೆ ಇಡುವ ಮುಂಚೆ ಮೂಸಿ ನೋಡುತ್ತಾಳೆ. ಬೇಕೆಂದು ಮಾಡುವುದಲ್ಲ, ರೂಢಿಯಾಗಿಬಿಟ್ಟಿದೆ. ಆಗೆಲ್ಲ ಟೈಲರಮ್ಮ ಏನೋ ಕೆಲಸವಿದ್ದವಳ ಹಾಗೆ ಒಳಗೆ ಹೋಗುತ್ತಾಳೆ.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಆ ಬಾವಿಗೆ ನಾವು ನೀವು ಇನ್ನೇನೂ ಮಾಡುವಂತಿಲ್ಲ. ಆದರೆ ನಿಮ್ಮ ಬೀದಿಯ ಕಸ ಹೋಗಿ ಬೀಳುವ ಜಾಗದ ಪಕ್ಕದಲ್ಲೂ ಒಂದು ಮನೆ ಇದೆ, ಇನ್ನೂ ಕೆಡದ ಒಂದು ಬಾವಿ ಇರಬಹುದು. ನಿಮ್ಮ ಚೀಲಕ್ಕೆ ಬಿಗಿಯಾಗಿ ಗಂಟು ಹಾಕಿದ ಮಾತ್ರಕ್ಕೆ ಅಲ್ಲಿಯ ಬಾವಿ ಉಳಿಯುವುದಿಲ್ಲ. ಹಸಿ ಕಸವನ್ನು ಇವತ್ತೇ ಬೇರೆ ಮಾಡಿ. ಹಿತ್ತಲಿದ್ದರೆ ಡ್ರಮ್ಮು, ಇಲ್ಲದಿದ್ದರೆ ಬಾಲ್ಕನಿಯಲ್ಲಿ ಒಂದು ತೂತಿನ ಮಡಕೆ ಸಾಕು. ಈ ಹೊತ್ತಿನಲ್ಲಿ ಅಲ್ಲಿ ಯಾರೋ ಒಬ್ಬಳು ಬಾವಿಗೆ ಕೊಡ ಇಳಿಬಿಡುತ್ತಿದ್ದಾಳೆ. ಮೂಸಿ ನೋಡದೆ ನೀರು ಕುಡಿಯುವ ಭಾಗ್ಯ ಅವಳಿಗಿನ್ನೂ ಇದೆ. ಅದನ್ನು ಅವಳಿಂದ ಕಸಿದುಕೊಳ್ಳಬೇಡಿ.